ಬೆಳಗಿದ ನಾಣ್ಯ ಕಳೆದುಕೊಂಡದ್ದೇನು?

ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 1838ರಿಂದ ಒಂದು ನಾಣ್ಯ ಸಂಗ್ರಹವಿತ್ತು. ಟಂಕಸಾಲೆ ತಾನು ಹೊರತರುವ ನಾಣ್ಯಗಳಲ್ಲಿ ಅತ್ಯುತ್ತಮವಾದವನ್ನು ಆರಿಸಿ ಅಲ್ಲಿ ಇಡುತ್ತಿತ್ತು. ಅವುಗಳಲ್ಲಿ ಹಲವು ‘ಪ್ರೂಫ್’ ನಾಣ್ಯಗಳು. ಅಂದರೆ, ಮುಖ ಕಾಣುವಷ್ಟು ನುಣುಪು ಮಾಡಿದ ಅಚ್ಚಿನಿಂದ, ಅಷ್ಟೇ ನುಣುಪಾದ ಬಿಲ್ಲೆಯ ಮೇಲೆ, ವಿಶೇಷ ಮುತುವರ್ಜಿಯಿಂದ ಒತ್ತಿ ತೆಗೆದವು. ಅವು ಯಾರ ಜೇಬಿಗೂ ಹೋಗಿರಲಿಲ್ಲ, ಯಾವ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಕಂಡಿರಲಿಲ್ಲ. ನಾಣ್ಯವೊಂದು ಇದಕ್ಕಿಂತ ಸುರಕ್ಷಿತವಾಗಿರಬಹುದಾದ ಜಾಗ ಇನ್ನೊಂದಿಲ್ಲ ಎಂದೇ ಎಲ್ಲರೂ ನಂಬಿದ್ದರು.

ನಾಣ್ಯ ಸಂಗ್ರಾಹಕ ಫ್ಯಾರನ್ ಜೆರ್ಬಿ ಅಲ್ಲಿಗೆ ಹೋದಾಗ ಬೆಳ್ಳಿಯ ಪ್ರೂಫ್ ನಾಣ್ಯಗಳ ಮೇಲೆ ಅಲ್ಲಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಏನಿದು ಎಂದು ವಿಚಾರಿಸಿದರು. ರಜೆಯ ತಿಂಗಳುಗಳಲ್ಲಿ ಕೋಣೆ ಮುಚ್ಚಿದ್ದಾಗ ಅತಿ ಉತ್ಸಾಹದ ನೌಕರನೊಬ್ಬ ಅಂಗಡಿಯಿಂದ ಲೋಹದ ಪಾಲಿಶ್ ಕೊಂಡು ತಂದು, ಕಪ್ಪಾಗಿದ್ದ ನಾಣ್ಯಗಳನ್ನೆಲ್ಲ ಬೆಳಗಿದ್ದ. ಆ ಪಾಲಿಶ್ ಬಿಟ್ಟುಹೋದ ಪೊರೆ ಅದು. ಜೆರ್ಬಿ ತಮ್ಮ ಅಸಮಾಧಾನ ಹೇಳಿಕೊಂಡಾಗ ಸಂಗ್ರಹದ ಮೇಲ್ವಿಚಾರಕ ಸಮಾಧಾನದ ಧ್ವನಿಯಲ್ಲೇ ಉತ್ತರಿಸಿದ: ತಾನು ಇಲ್ಲಿಗೆ ಬಂದು ಎಂಟು ವರ್ಷವಾಯಿತು, ಅಷ್ಟರಲ್ಲಿ ಮೂರು ನಾಲ್ಕು ಸಲ ಬೆಳಗಿದ್ದಾರೆ, ಇದೇನು ದೊಡ್ಡ ವಿಷಯವಲ್ಲ. ಜೆರ್ಬಿ ಇದನ್ನೆಲ್ಲ 1903ರಲ್ಲಿ ನಾಣ್ಯಶಾಸ್ತ್ರದ ಪತ್ರಿಕೆಯಲ್ಲಿ ಬರೆದರು.

ಆ ನೌಕರನ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಕಪ್ಪಾದದ್ದನ್ನು ಬೆಳಗಿ ಇಡುವುದೇ ಆರೈಕೆ ಎಂದು ಅವನ ಕಾಲ ನಂಬಿತ್ತು. ಇವತ್ತಿಗೂ ಅಜ್ಜಿಯ ಪೆಟ್ಟಿಗೆಯಿಂದ ವಿಕ್ಟೋರಿಯಾ ರಾಣಿಯ ರೂಪಾಯಿ ಕೈಗೆ ಸಿಕ್ಕಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ವಿಭೂತಿಯನ್ನೋ ಹುಣಸೆಹಣ್ಣನ್ನೋ. ಹಾಗೆ ಬೆಳಗಿದ ನಾಣ್ಯ ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಒಂದೇ ದಿನ, ಒಬ್ಬರೇ ಕಂಡುಹಿಡಿದ ಸಂಗತಿಯಲ್ಲ. ಬರ್ಲಿನ್, ಪ್ಯಾರಿಸ್, ಲಂಡನ್, ಮದ್ರಾಸ್ ಹೀಗೆ ಊರೂರು ಸುತ್ತಿ, ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದು ಅದು ತಿಳಿಯಿತು. ತಿಳಿಸಿಕೊಟ್ಟವರಲ್ಲಿ ಬಹುಪಾಲು ಮಂದಿ ಸ್ವತಃ ಸ್ವಚ್ಛಗೊಳಿಸುವ ಕೆಲಸಕ್ಕೆಂದೇ ನೇಮಕವಾದವರು.

ಬರ್ಲಿನ್ನಿನ ರಸಾಯನಶಾಸ್ತ್ರಜ್ಞ

1888ರಲ್ಲಿ ಬರ್ಲಿನ್ನಿನ ರಾಜ ವಸ್ತುಸಂಗ್ರಹಾಲಯಗಳು ಫ್ರೀಡ್ರಿಖ್ ರಾಥ್‌ಗೆನ್ ಎಂಬ ಯುವ ರಸಾಯನಶಾಸ್ತ್ರಜ್ಞರನ್ನು ನೇಮಿಸಿಕೊಂಡವು. ವಸ್ತುಸಂಗ್ರಹಾಲಯವೊಂದು ತನ್ನದೇ ರಸಾಯನ ಪ್ರಯೋಗಾಲಯ ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲು. ಅಂಥ ಅಗತ್ಯ ಬಂದದ್ದಕ್ಕೆ ಕಾರಣವಿತ್ತು. ಈಜಿಪ್ಟಿನ ಒಣ ಮರಳಿನಲ್ಲಿ ಸಾವಿರಾರು ವರ್ಷ ಚೆನ್ನಾಗಿಯೇ ಇದ್ದ ಸುಣ್ಣಕಲ್ಲಿನ ಕೆತ್ತನೆಗಳು ಬರ್ಲಿನ್ನಿಗೆ ಬಂದ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತಿದ್ದವು. ಕಂಚಿನ ವಸ್ತುಗಳ ಮೇಲೆ ತಿಳಿಹಸಿರು ಚುಕ್ಕೆಗಳು ಎದ್ದು, ಚುಕ್ಕೆಯ ಜಾಗ ಗುಳಿಯಾಗುತ್ತಿತ್ತು. ಒರೆಸಿದರೆ ಹೋಗುತ್ತಿದ್ದ ಹಸಿರು ಪುಡಿ ಮತ್ತೆ ಬರುತ್ತಿತ್ತು, ಗುಳಿ ಇನ್ನಷ್ಟು ಆಳವಾಗುತ್ತಿತ್ತು. ಪಕ್ಕದ ವಸ್ತುವಿಗೂ ಅಂಟುತ್ತದೆಯೋ ಎಂಬಂತೆ ಅದು ಹರಡುತ್ತಿದ್ದುದರಿಂದ, ಸೂಕ್ಷ್ಮಜೀವಿಯಿಂದ ಬರುವ ಕಾಯಿಲೆ ಇರಬಹುದೇ ಎಂದು ಶಂಕಿಸಿದವರೂ ಇದ್ದರು. ‘ಕಂಚಿನ ರೋಗ’ ಎಂಬ ಹೆಸರು ಅಂದಿನಿಂದ ಇಂದಿನವರೆಗೂ ಉಳಿದುಕೊಂಡಿದೆ.

ಇದಕ್ಕೆ ಆಗ ಎರಡು ಬಗೆಯ ಚಿಕಿತ್ಸೆ ಇತ್ತು. ನಾರ್ವೆಯ ಕ್ರೆಫ್ಟಿಂಗ್ ಅವರ ವಿಧಾನದಲ್ಲಿ ಕಿಲುಬು ಹಿಡಿದ ವಸ್ತುವನ್ನು ಸತುವಿನ ತುಂಡುಗಳ ಜೊತೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಸತು ಕರಗುತ್ತಾ ಹೋದಂತೆ ಕಿಲುಬು ಸಡಿಲವಾಗಿ ಕಳಚುತ್ತಿತ್ತು. ಬರ್ಲಿನ್ನಿನವರೇ ಆದ ಫಿಂಕೆನರ್ ಅವರ ವಿಧಾನದಲ್ಲಿ ವಸ್ತುವನ್ನು ಸಯನೈಡ್ ದ್ರಾವಣದಲ್ಲಿಟ್ಟು ವಿದ್ಯುತ್ ಹರಿಸುತ್ತಿದ್ದರು. ರಾಥ್‌ಗೆನ್ ಇವನ್ನೆಲ್ಲ ಪರೀಕ್ಷಿಸಿ, ತಿದ್ದಿ, ಫಲಿತಾಂಶಗಳನ್ನು ದಾಖಲಿಸಿ 1898ರಲ್ಲಿ ಪುಸ್ತಕ ಪ್ರಕಟಿಸಿದರು. 1905ರಲ್ಲಿ ಅದು ಇಂಗ್ಲಿಷಿಗೆ ಬಂತು. ಅನುವಾದಿಸಿದ ಇಬ್ಬರಲ್ಲಿ ಒಬ್ಬರು ಮುಂದೆ ಪ್ರಸಿದ್ಧ ಕವಿಯಾದ ಡಬ್ಲ್ಯು. ಎಚ್. ಆಡೆನ್ ಅವರ ತಂದೆ. ಪುರಾತನ ವಸ್ತುಗಳ ರಕ್ಷಣೆ ಕೈಚಳಕದ ಮಟ್ಟದಿಂದ ವಿಜ್ಞಾನದ ಮಟ್ಟಕ್ಕೆ ಏರಿದ್ದು ಆ ಪುಸ್ತಕದಿಂದ.

ಆದರೆ ಆ ಚಿಕಿತ್ಸೆಗಳ ಗುರಿ ಒಂದೇ ಆಗಿತ್ತು: ಕಿಲುಬನ್ನು ಪೂರ್ತಿ ತೆಗೆದು ಒಳಗಿನ ಗಟ್ಟಿ ಲೋಹವನ್ನು ತಲುಪುವುದು. ಒಳಗೆ ಲೋಹ ಚೆನ್ನಾಗಿ ಉಳಿದಿದ್ದ ನಾಣ್ಯದಲ್ಲಿ ಅಕ್ಷರಗಳು ಸ್ಪಷ್ಟವಾಗಿ ಹೊರಬಂದವು. ಒಳಗೆ ಲೋಹವೇ ಉಳಿಯದೆ ಪೂರ್ತಿ ಕಿಲುಬಾಗಿ ಬದಲಾಗಿದ್ದ ನಾಣ್ಯದಲ್ಲಿ ಅಕ್ಷರಗಳು ಇದ್ದದ್ದೇ ಆ ಕಿಲುಬಿನಲ್ಲಿ. ಕಿಲುಬಿನ ಜೊತೆ ಅವೂ ತೊಳೆದುಹೋದವು.

ಹಸಿರು ಪುಡಿಯ ಗುಟ್ಟು

ರೋಗದ ನಿಜವಾದ ಕಾರಣವನ್ನು 1890ರ ದಶಕದಲ್ಲಿ ಬಿಡಿಸಿ ಹೇಳಿದವರು ಪ್ಯಾರಿಸ್ಸಿನ ಹಿರಿಯ ರಸಾಯನಶಾಸ್ತ್ರಜ್ಞ ಮಾರ್ಸೆಲಾನ್ ಬೆರ್ತೆಲೊ. ಇದರಲ್ಲಿ ಯಾವ ಜೀವಿಯ ಕೈವಾಡವೂ ಇರಲಿಲ್ಲ. ಮಾಡುವುದೆಲ್ಲ ಉಪ್ಪು.

ಮಣ್ಣಿನಲ್ಲಿರುವ ಉಪ್ಪಿನಿಂದ ಕ್ಲೋರೈಡ್ ನಿಧಾನವಾಗಿ ನಾಣ್ಯದೊಳಕ್ಕೆ ಇಳಿದು, ಲೋಹಕ್ಕೆ ತಾಗಿಕೊಂಡೇ ತಾಮ್ರದ ಕ್ಲೋರೈಡ್ ಆಗಿ ಕೂರುತ್ತದೆ. ಮೇಲೆ ಹಸಿರು, ಕಂದು ಪದರಗಳು ಮುಚ್ಚಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ನಾಣ್ಯ ನೆಲದಿಂದ ಹೊರಬಂದು ತೇವದ ಗಾಳಿ ತಾಗಿದೊಡನೆ ಈ ಕ್ಲೋರೈಡ್ ತಿಳಿಹಸಿರು ಪುಡಿಯಾಗಿ ಬದಲಾಗುತ್ತದೆ. ಆ ಬದಲಾವಣೆಯಲ್ಲಿ ಆಮ್ಲವೂ ಹುಟ್ಟುತ್ತದೆ. ಆಮ್ಲ ಪಕ್ಕದ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ಅದು ಮತ್ತೆ ಪುಡಿಯಾಗುತ್ತದೆ, ಮತ್ತೆ ಆಮ್ಲ ಹುಟ್ಟುತ್ತದೆ. ಪುಡಿ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಒಡೆದುಕೊಂಡು ಮೇಲೇಳುತ್ತದೆ. ತೇವ ಇರುವವರೆಗೂ ಈ ಚಕ್ರ ನಿಲ್ಲುವುದಿಲ್ಲ.

ನಾಣ್ಯ ಇಟ್ಟುಕೊಂಡವರಿಗೆ ಈ ಪತ್ತೆಯಿಂದ ದೊಡ್ಡ ಉಪಕಾರವಾಯಿತು. ಕಂಚಿನ ಮೇಲಿನ ಎಲ್ಲ ಹಸಿರೂ ಒಂದೇ ಅಲ್ಲವೆಂದು ತಿಳಿಯಿತು. ಗಟ್ಟಿಯಾಗಿ, ನಯವಾಗಿ, ಕಡುಹಸಿರಾಗಿ ಅಂಟಿಕೊಂಡ ಪದರ ನಾಣ್ಯವನ್ನು ಕಾಯುತ್ತದೆ. ಉಗುರು ತಾಗಿಸಿದರೆ ಉದುರುವ ತಿಳಿಹಸಿರು ಪುಡಿ ನಾಣ್ಯವನ್ನು ತಿನ್ನುತ್ತದೆ. ಎರಡನ್ನೂ ಒಂದೇ ಏಟಿಗೆ ಉಜ್ಜಿ ತೆಗೆಯುವವರು ಕಾವಲುಗಾರನನ್ನೂ ಕಳ್ಳನನ್ನೂ ಒಟ್ಟಿಗೆ ಓಡಿಸುತ್ತಾರೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 42ರಿಂದ 46ರ ಮಟ್ಟವನ್ನು ದಾಟಿದರೆ ಈ ರೋಗ ಚುರುಕಾಗುತ್ತದೆ ಎಂಬುದು ಮುಂದಿನ ಸಂಶೋಧನೆಗಳಿಂದ ಗೊತ್ತಾಯಿತು. ಮಂಗಳೂರು, ಕಾರವಾರಗಳ ಮಳೆಗಾಲ ಆ ಮಟ್ಟಕ್ಕಿಂತ ಎಷ್ಟೋ ಮೇಲಿರುತ್ತದೆ.

ಸುರಂಗದಿಂದ ಹುಟ್ಟಿದ ಪ್ರಯೋಗಾಲಯ

ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬ್ ಬೀಳತೊಡಗಿದಾಗ ಬ್ರಿಟಿಷ್ ಮ್ಯೂಸಿಯಂ ತನ್ನ ಅಮೂಲ್ಯ ವಸ್ತುಗಳಲ್ಲಿ ಹಲವನ್ನು ಹೋಲ್ಬರ್ನ್ ಬಳಿಯ ಅಂಚೆ ರೈಲಿನ ಸುರಂಗಕ್ಕೆ ಸಾಗಿಸಿತು. ಬಾಂಬಿನಿಂದ ಅವು ಪಾರಾದವು. ಆದರೆ ಯುದ್ಧ ಮುಗಿದು ಪೆಟ್ಟಿಗೆಗಳನ್ನು ತೆರೆದಾಗ ಕಬ್ಬಿಣಕ್ಕೆ ತುಕ್ಕು, ಕಂಚಿಗೆ ಹಸಿರು ಪುಡಿ, ಕಲ್ಲಿನ ಮೇಲೆ ಉಪ್ಪಿನ ಹರಳು, ಕಾಗದಕ್ಕೆ ಬೂಷ್ಟು. ಏನು ಮಾಡಬೇಕೆಂದು ಕೇಳಲು ಕರೆಸಿಕೊಂಡ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಕಾಟ್. 1920ರಲ್ಲಿ ತಾತ್ಕಾಲಿಕವೆಂದು ಶುರುವಾದ ಅವರ ಪ್ರಯೋಗಾಲಯ ಮುಂದೆ ಕಾಯಂ ನೆಲೆಯಾಯಿತು. 1924ರಲ್ಲಿ ಹೆರಾಲ್ಡ್ ಪ್ಲೆಂಡರ್‌ಲೀತ್ ಅಲ್ಲಿ ಸೇರಿದರು. ಮುಂದಿನ ಎರಡು ತಲೆಮಾರಿನ ಸಂರಕ್ಷಕರು ಕಲಿತದ್ದು ಅವರ ಬರಹಗಳಿಂದ.

ಸ್ಕಾಟ್ ಕಂಚಿಗೆ ಎರಡು ದ್ರಾವಣ ಬಳಸಿದರು. ಒಂದು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್. ಅದು ಕ್ಲೋರೈಡನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಹೊರಗೆಳೆಯುತ್ತಿತ್ತು. ಇನ್ನೊಂದು ರೋಶೆಲ್ ಲವಣ, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ಅದು ಹಸಿರು ಹೊಪ್ಪಳಿಕೆಯನ್ನು ಕರಗಿಸುತ್ತಿತ್ತು. ನಮ್ಮ ಹುಣಸೆಹಣ್ಣಿನ ಹುಳಿಯೂ ಟಾರ್ಟಾರಿಕ್ ಆಮ್ಲವೇ. ತಾಮ್ರದ ಚೊಂಬು ಬೆಳಗುತ್ತಿದ್ದ ನಮ್ಮ ಮನೆಯ ಹೆಂಗಸರೂ ಲಂಡನ್ನಿನ ಪ್ರಯೋಗಾಲಯವೂ ಒಂದೇ ರಸಾಯನವನ್ನು ಕೈಗೆತ್ತಿಕೊಂಡಿದ್ದರು. ವ್ಯತ್ಯಾಸ ಇದ್ದದ್ದು ಅಳತೆಯಲ್ಲಿ: ಸ್ಕಾಟ್ ಅದನ್ನು ಕ್ಷಾರದೊಂದಿಗೆ ಬೆರೆಸಿ, ಕರಗುವುದು ಕಿಲುಬೋ ಲೋಹವೋ ಎಂದು ನೋಡುತ್ತಾ, ಬೇಕಾದಲ್ಲಿ ನಿಲ್ಲಿಸುತ್ತಿದ್ದರು. ಚೊಂಬು ದಪ್ಪ ತಗಡು, ಪ್ರತಿ ವಾರ ಬೆಳಗಿದರೂ ತಡೆಯುತ್ತದೆ. ನಾಣ್ಯದ ಮೇಲಿನ ಅಕ್ಷರ ಕೂದಲೆಳೆಯ ಎತ್ತರದ್ದು.

ಪ್ರಯೋಗಾಲಯದ ಹೊರಗೆ, ಸಂಗ್ರಾಹಕರ ಕೋಣೆಗಳಲ್ಲಿ, ಇಂಥ ಅಳತೆ ಇರಲಿಲ್ಲ. ಆ ಕಾಲದಲ್ಲಿ ಬೆಳ್ಳಿ ನಾಣ್ಯ ಬಿಳುಪಾಗಿಸಲು ಪೊಟ್ಯಾಸಿಯಂ ಸಯನೈಡ್ ಬಳಸುವ ಅಭ್ಯಾಸವೂ ಇತ್ತು. ಅದು ಕಪ್ಪನ್ನೂ ಬೆಳ್ಳಿಯನ್ನೂ ಕ್ಷಣದಲ್ಲಿ ಕರಗಿಸುತ್ತದೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ದೊಡ್ಡ ಪೋಷಕರಾಗಿದ್ದ ಜೆ. ಸ್ಯಾನ್‌ಫರ್ಡ್ ಸಾಲ್ಟಸ್ 1922ರಲ್ಲಿ ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ಶವವಾಗಿ ಸಿಕ್ಕರು. ನಾಣ್ಯ ಶುಚಿ ಮಾಡಲೆಂದು ತಂದಿದ್ದ ಸಯನೈಡನ್ನು, ಜೊತೆಗಿದ್ದ ಪಾನೀಯವೆಂದು ಭಾವಿಸಿ ಕುಡಿದಿದ್ದರು. ಆಕಸ್ಮಿಕ ಸಾವು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ನಾಣ್ಯದ ಹೊಳಪಿನ ಮೇಲಿನ ಮೋಹಕ್ಕೆ ಇದಕ್ಕಿಂತ ದುಬಾರಿ ಬೆಲೆ ತೆತ್ತವರಿಲ್ಲ.

ಭಾರತಕ್ಕೂ ಈ ವಿಜ್ಞಾನ ಬೇಗನೇ ಬಂತು. 1930ರ ದಶಕದಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಎಸ್. ಪರಮಶಿವನ್ ಎಂಬ ರಸಾಯನಶಾಸ್ತ್ರಜ್ಞರು, ಕಡಲ ಗಾಳಿಯ ಊರಿನಲ್ಲಿ ಕಂಚಿನ ರೋಗ ಹಿಡಿದಿದ್ದ ದಕ್ಷಿಣದ ವಿಗ್ರಹಗಳನ್ನು ವಿದ್ಯುತ್ ವಿಧಾನದಿಂದ ಉಳಿಸುವ ಕೆಲಸಕ್ಕೆ ಇಳಿದರು. ಅವರ ದುಡಿಮೆಯಿಂದ ದೇಶದಲ್ಲಿ ಪುರಾತನ ಲೋಹಗಳ ರಕ್ಷಣೆಗೆ ಒಂದು ಪರಂಪರೆ ಬೆಳೆಯಿತು. ಇಂದು ಲಖನೌದಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯವಿದೆ, ನಮ್ಮ ಮೈಸೂರಿನಲ್ಲಿ ಅದರ ಪ್ರಾದೇಶಿಕ ಘಟಕವಿದೆ.

ಮೇಲ್ಪದರದಲ್ಲಿ ಇದ್ದದ್ದು

ಇಲ್ಲಿಂದ ಮುಂದೆ ಕತೆ ದಿಕ್ಕು ಬದಲಿಸುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನಿಂದ ಈಚೆಗೆ ಸಂರಕ್ಷಕರು ಸೂಕ್ಷ್ಮದರ್ಶಕದ ಅಡಿಯಲ್ಲಿ ಕಿಲುಬನ್ನು ಪದರ ಪದರವಾಗಿ ಓದತೊಡಗಿದರು. ಆಗ ಕಂಡದ್ದು ಹಳೆಯ ಚಿಕಿತ್ಸೆಯ ತಳಹದಿಯನ್ನೇ ಅಲುಗಿಸಿತು. ನೂರಾರು ವರ್ಷ ನೆಲದಲ್ಲಿದ್ದ ನಾಣ್ಯದಲ್ಲಿ ಅಚ್ಚು ಒತ್ತಿದ ದಿನದ ಮೇಲ್ಮೈ ಅನೇಕ ಸಲ ಲೋಹದಲ್ಲಿ ಉಳಿದಿರುವುದಿಲ್ಲ, ಕಿಲುಬಿನ ಪದರಗಳ ನಡುವೆ ಉಳಿದಿರುತ್ತದೆ. ಅದರ ಹೊರಗಿನ ಪದರದಲ್ಲಿ ಮಣ್ಣಿನ, ಮರಳಿನ ಕಣಗಳಿರುತ್ತವೆ. ಒಳಗಿನ ಪದರದಲ್ಲಿ ಅವು ಇರುವುದಿಲ್ಲ. ಆ ಗಡಿಯೇ ನಾಣ್ಯದ ನಿಜವಾದ ಮುಖ. ಅಲ್ಲಿ ರಾಜನ ಮೂಗಿನ ತುದಿ, ಅಕ್ಷರದ ಅಂಚು, ಅಚ್ಚಿನಲ್ಲಿದ್ದ ಬಿರುಕು ಎಲ್ಲವೂ ಇರುತ್ತವೆ. ಗಟ್ಟಿ ಲೋಹ ಸಿಗುವವರೆಗೂ ತೆಗೆಯುತ್ತಾ ಹೋದ ಹಳೆಯ ಪ್ರಯೋಗಾಲಯಗಳು ಆ ಗಡಿಯನ್ನು ದಾಟಿ ಒಳಗೆ ಹೋಗಿಬಿಟ್ಟಿದ್ದವು. ಈಗಿನ ಸಂರಕ್ಷಕರು ಸೂಕ್ಷ್ಮದರ್ಶಕದಡಿ ಚಿಕ್ಕ ಚೂರಿ ಹಿಡಿದು ಆ ಗಡಿಯವರೆಗೆ ಮಾತ್ರ ಹೋಗುತ್ತಾರೆ, ಅಲ್ಲೇ ನಿಲ್ಲುತ್ತಾರೆ. 1967ರಲ್ಲಿ ಡೆನ್ಮಾರ್ಕಿನ ಬ್ರಿಂಕ್ ಮ್ಯಾಡ್ಸೆನ್ ತೋರಿಸಿಕೊಟ್ಟ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ಅವರ ನೆರವಿಗೆ ಬಂತು. ಅದು ಕಿಲುಬನ್ನು ತೆಗೆಯದೆ, ತಾಮ್ರದ ಮೇಲೆ ತೆಳು ರಕ್ಷಣೆ ಕಟ್ಟಿ ರೋಗವನ್ನು ತಡೆಯುತ್ತದೆ.

ಬೆಳ್ಳಿಯ ಕತೆ ಇನ್ನೂ ಸೂಕ್ಷ್ಮ. ಅಚ್ಚಿನ ಹೊಡೆತಕ್ಕೆ ಬಿಲ್ಲೆಯ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಸಾವಿರಾರು ನಾಣ್ಯ ಒತ್ತುತ್ತಾ ಹೋದಂತೆ ಆ ಹರಿವು ಅಚ್ಚಿನ ಮೇಲೆಯೇ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಕೊರೆಯುತ್ತದೆ, ಅವು ಮುಂದಿನ ಪ್ರತಿ ನಾಣ್ಯದ ಮೇಲೂ ಮೂಡುತ್ತವೆ. ಹೊಸ ರೂಪಾಯಿಯನ್ನು ದೀಪದ ಕೆಳಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಬೆಳಕಿನ ಪಟ್ಟಿಗಳು ನಡುವಿನ ಸುತ್ತ ತಿರುಗಿದಂತೆ ಕಾಣುವುದು ಈ ಗೆರೆಗಳಿಂದಲೇ. ಟಂಕಸಾಲೆಯ ಹೊಳಪು ಎಂದರೆ ಇದು. ಪಾಲಿಶ್ ಕೊಡುವ ಹೊಳಪು ಬೇರೆ. ಪಾಲಿಶ್ ಈ ಗೆರೆಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ತನ್ನ ಗೀರುಗಳನ್ನು ಬರೆಯುತ್ತದೆ. ಫಿಲಡೆಲ್ಫಿಯಾದ ಪ್ರೂಫ್ ನಾಣ್ಯಗಳಿಗೂ ಆದದ್ದು ಇದೇ ಬಗೆಯ ನಷ್ಟ: ಅಚ್ಚು ಕೊಟ್ಟಿದ್ದ ನುಣುಪಿನ ಮೇಲೆ ಬಟ್ಟೆಯ ಗೀರು.

ಬೆಳ್ಳಿಯ ಕಪ್ಪು ಎಂದರೆ ಗಾಳಿಯ ಗಂಧಕದೊಂದಿಗೆ ಬೆಳ್ಳಿ ಕೂಡಿ ಆದ ಸಲ್ಫೈಡ್. ಅದರ ಪದರ ಅತಿ ತೆಳುವಾಗಿದ್ದಾಗ ನಸುಹಳದಿ, ಸ್ವಲ್ಪ ದಪ್ಪವಾದಾಗ ನೇರಳೆ, ನೀಲಿ, ಕೊನೆಗೆ ಕಪ್ಪು. ಬಣ್ಣ ಬದಲಾಗುವುದು ಪದರದ ದಪ್ಪದಿಂದ. ಆಮ್ಲ ಬೆರೆಸಿದ ಥಯೋಯೂರಿಯಾದಲ್ಲಿ ಅದ್ದಿದರೆ ಈ ಪದರ ಕರಗುತ್ತದೆ, ನಾಣ್ಯ ಬಿಳುಪಾಗುತ್ತದೆ. ಆದರೆ ಆ ಸಲ್ಫೈಡ್ ಆಗಿದ್ದದ್ದು ನಾಣ್ಯದ್ದೇ ಬೆಳ್ಳಿ. ಪ್ರತಿ ಸಲ ಅದ್ದಿದಾಗಲೂ ಮೇಲ್ಮೈಯ ಒಂದು ಪದರ ಹೋಗುತ್ತದೆ, ಹಲವು ಸಲ ಅದ್ದಿದ ನಾಣ್ಯ ಬಿಳಿಯಾಗಿದ್ದೂ ಕಳೆಗುಂದಿರುತ್ತದೆ. ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಅಡುಗೆ ಸೋಡಾ ಹಾಕಿ ಬೆಳ್ಳಿ ಬೆಳಗುವ ಮನೆಯ ಉಪಾಯ ಕ್ರೆಫ್ಟಿಂಗ್ ಅವರ ಸತು-ಕಾಸ್ಟಿಕ್ ಸೋಡಾ ವಿಧಾನದ ತಮ್ಮನೇ. ಪೂಜೆಯ ತಟ್ಟೆಗೆ ಅದು ಸರಿ. ಸಂಗ್ರಹದ ನಾಣ್ಯಕ್ಕೆ ಸಲ್ಲ.

ಮೇಲ್ಪದರ ಒಳಗಿನ ಲೋಹಕ್ಕಿಂತ ಬೇರೆಯೇ ಆಗಿರಬಹುದು ಎಂಬುದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಕೊಟ್ಟದ್ದು ದಿನಾರಿ ಎಂಬ ರೋಮನ್ ಬೆಳ್ಳಿ ನಾಣ್ಯಗಳು. 1970ರ ದಶಕದಲ್ಲಿ ಡಿ. ಆರ್. ವಾಕರ್ ಕ್ಷ-ಕಿರಣದಿಂದ ಸಾವಿರಾರು ದಿನಾರಿಗಳ ಬೆಳ್ಳಿಯ ಪ್ರಮಾಣ ಅಳೆದರು. ಕ್ಷ-ಕಿರಣ ಮುಟ್ಟುವುದು ಮೇಲ್ಮೈಯನ್ನು. ಮುಂದೆ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ನಾಣ್ಯದ ಅಂಚಿನಿಂದ ಸಣ್ಣ ರಂಧ್ರ ಕೊರೆದು ಒಳಗಿನ ಲೋಹವನ್ನೇ ಪರೀಕ್ಷಿಸಿದಾಗ ಲೆಕ್ಕ ಬದಲಾಯಿತು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದಿನಾರಿಯ ಬೆಳ್ಳಿಯನ್ನು ಸುಮಾರು ಶೇ 80ಕ್ಕೆ ಇಳಿಸಿದ್ದ. ಟಂಕಸಾಲೆಯವರು ತಾಮ್ರ ಬೆರೆತ ಬಿಲ್ಲೆಗಳನ್ನು ಕಾಸಿ, ಹುಳಿಯಲ್ಲಿ ಅದ್ದಿ, ಮೇಲಿನ ತಾಮ್ರವನ್ನು ಮಾತ್ರ ಕರಗಿಸಿ, ಹೊರಗೆ ಬೆಳ್ಳಿಯೇ ಕಾಣುವಂತೆ ಮಾಡುತ್ತಿದ್ದರು. ಎರಡು ಸಾವಿರ ವರ್ಷ ಆ ಪದರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಒಂದು ಸಾಮ್ರಾಜ್ಯದ ಹಣಕಾಸಿನ ಬಿಕ್ಕಟ್ಟು ದಾಖಲಾಗಿದ್ದದ್ದು ಒಳಗಿನ ಲೋಹಕ್ಕೂ ಹೊರಗಿನ ಪದರಕ್ಕೂ ಇರುವ ಆ ವ್ಯತ್ಯಾಸದಲ್ಲಿ. ಅಂಥ ನಾಣ್ಯವನ್ನು ಗಟ್ಟಿಯಾಗಿ ಉಜ್ಜಿದವರು ಆ ದಾಖಲೆಯ ಅರ್ಧವನ್ನು ಬಟ್ಟೆಗೆ ಹತ್ತಿಸಿಕೊಂಡು ಎಸೆದಂತೆ.

ನಮ್ಮ ನೆಲದಲ್ಲೂ ಇಂಥ ನಾಣ್ಯಗಳಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲು ಮಾರ್ಗದ ಕೆಲಸ ನಡೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದಾಗ ರೋಮನ್ ದಿನಾರಿಗಳ ಜೊತೆ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಸಿಕ್ಕವು. ಸೀಸದ ನಾಣ್ಯಕ್ಕೆ ತೊಳೆಯುವುದಷ್ಟೇ ಅಪಾಯವಲ್ಲ, ಇಡುವ ಜಾಗವೂ ಅಪಾಯ. ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಗಳಿಂದ ಸೂಸುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ.

ಕೈಯಲ್ಲಿರುವ ನಾಣ್ಯಕ್ಕೆ ಏನು ಮಾಡೋಣ?

ಈ ತಿಳಿವಳಿಕೆ ಮಾರುಕಟ್ಟೆಯನ್ನು ತಲುಪಲು ಸಮಯ ಹಿಡಿಯಿತು. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ಸೆಂಟ್ ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ತಂದರು. 1986ರಿಂದ ಅಲ್ಲಿ ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳು ಬೆಳೆದವು. ಒರಟಾಗಿ ಬೆಳಗಿದ ನಾಣ್ಯಕ್ಕೆ ಅವು ಅಂಕ ಕೊಡುವುದಿಲ್ಲ. ಅಸಲಿ, ಆದರೆ ಶುಚಿ ಮಾಡಿದ್ದು ಎಂದಷ್ಟೇ ಬರೆಯುತ್ತವೆ. ಬೆಳಗಿದ ನಾಣ್ಯದ ಬೆಲೆ ಏಕೆ ಇಳಿಯುತ್ತದೆ ಎಂದು ಕೇಳುವವರಿಗೆ ಉತ್ತರ ಇಷ್ಟು ಹೊತ್ತು ಹೇಳಿದ ಕತೆಯಲ್ಲೇ ಇದೆ. ಕೊಳ್ಳುವವರು ಹಣ ಕೊಡುವುದು ಆ ಮೇಲ್ಪದರಕ್ಕೆ, ಬೆಳಗಿದ ನಾಣ್ಯದಲ್ಲಿ ಇಲ್ಲದ್ದು ಅದೇ.

ನಿಮ್ಮ ನಾಣ್ಯ ಬೆಳಗಿದ್ದೋ ಅಲ್ಲವೋ ತಿಳಿಯಲು ಒಂಟಿ ಬಲ್ಬು, ಭೂತಗನ್ನಡಿ ಸಾಕು. ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಉಜ್ಜಿದ ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಕೆನ್ನೆಯ ಮೇಲೂ ಸುತ್ತಲಿನ ಬಯಲಿನಲ್ಲೂ ಒಂದೇ ದಿಕ್ಕಿಗೆ ಓಡುವ ಕೂದಲೆಳೆ ಗೀರುಗಳು ಕಾಣುತ್ತವೆ. ಬಯಲು ಬಿಳುಪಾಗಿದ್ದು, ಬಟ್ಟೆ ತಲುಪದ ಅಕ್ಷರಗಳ ಸಂದಿಯಲ್ಲಿ ಹಳೆಯ ಕಪ್ಪು ಗೆರೆ ಕಟ್ಟಿ ಉಳಿದಿರುತ್ತದೆ. ಎಷ್ಟೋ ರೂಪಾಯಿಗಳಲ್ಲಿ ಆ ಸಂದಿಯಲ್ಲಿ ವಿಭೂತಿಯ ಬಿಳಿ ಪುಡಿಯೂ ಸಿಗುತ್ತದೆ. ಹುಳಿಯಲ್ಲಿ ತೊಳೆದ ತಾಮ್ರದ ಕಾಸು ಹಸಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಬಳಕೆಯಲ್ಲಿ ಹಳತಾದ ತಾಮ್ರಕ್ಕೆ ಆ ಬಣ್ಣ ಬರುವುದೇ ಇಲ್ಲ.

ಬೆಳಗಿದ್ದು ಎಂದು ಖಚಿತವಾದ ಮೇಲೆ ಮೊದಲ ಪ್ರಶ್ನೆ: ಹಾನಿ ಇನ್ನೂ ನಡೆಯುತ್ತಿದೆಯೇ? ತಿಳಿಹಸಿರು ಪುಡಿ ಏಳುತ್ತಿದ್ದರೆ, ಮೆತ್ತನೆಯ ಪ್ಲಾಸ್ಟಿಕ್ ಕವರಿನಿಂದ ಹಸಿರು ಜಿಗುಟು ಅಂಟಿದ್ದರೆ, ತೊಳೆದ ಹುಳಿ ಪೂರ್ತಿ ಹೋಗದೆ ಕಲೆ ಬೆಳೆಯುತ್ತಿದ್ದರೆ ಸು‌ಮ್ಮನಿರುವುದು ತಪ್ಪು. ಉಳಿದ ಹುಳಿ, ಪಾಲಿಶ್‌ಗೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ತೆಗೆಯುವುದು ಸಾಕು. ಪ್ಲಾಸ್ಟಿಕ್ ಜಿಗುಟಿಗೆ ಶುದ್ಧ ಅಸಿಟೋನ್ ಸಾಕು, ಅದು ಬೆಳ್ಳಿಯನ್ನು ಮುಟ್ಟುವುದಿಲ್ಲ; ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಬಳಸಬೇಕು. ಎರಡರಲ್ಲೂ ನಾಣ್ಯವನ್ನು ಉಜ್ಜಬಾರದು, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಆರಿಸಬೇಕು. ಕಂಚಿನ ರೋಗವಾದರೆ ನಾಣ್ಯವನ್ನು ಬೇರೆ ಇಟ್ಟು, ಸಿಲಿಕಾ ಜೆಲ್ ಇರುವ ಒಣ ಡಬ್ಬಿಗೆ ಹಾಕಿ, ಬಲ್ಲ ಸಂರಕ್ಷಕರಿಗೆ ತೋರಿಸಬೇಕು.

ಹಾನಿ ನಿಂತಿದ್ದರೆ ಮಾಡಬೇಕಾದದ್ದು ಒಂದೇ, ಇನ್ನೇನೂ ಮಾಡದಿರುವುದು. ಗೀರುಗಳನ್ನು ಮುಚ್ಚಲು ಮತ್ತೆ ಪಾಲಿಶ್ ಮಾಡುವುದು, ಗಂಧಕದ ಹೊಗೆ ಹಿಡಿಸಿ ಸುಳ್ಳು ಹಳಮೆ ಕೊಡುವುದು ಎರಡೂ ನಷ್ಟಕ್ಕೆ ನಷ್ಟ ಸೇರಿಸುತ್ತವೆ. ಎರಡನೆಯದು ಮೋಸವೂ ಹೌದು. ರಬ್ಬರ್ ಬ್ಯಾಂಡ್, ಉಣ್ಣೆ, ಹಳೆಯ ರಟ್ಟಿನಿಂದ ದೂರ, ಪಾಲಿಯೆಸ್ಟರ್ ಕವರಿನಲ್ಲಿ, ಒಣ ಜಾಗದಲ್ಲಿ ಇಟ್ಟರೆ ಬಿಳುಪಾದ ಬೆಳ್ಳಿ ವರ್ಷಗಳು ಕಳೆದಂತೆ ತಾನಾಗಿ ಮಸುಕಾದ ಬಣ್ಣ ಪಡೆಯುತ್ತದೆ. ಗೀರು ಹೋಗುವುದಿಲ್ಲ, ಆದರೆ ಕಣ್ಣಿಗೆ ರಾಚುವ ಬಿಳುಪು ತಗ್ಗುತ್ತದೆ.

ಮಾರುವುದಾದರೆ ಬೆಳಗಿದ್ದನ್ನು ಹೇಳಿಯೇ ಮಾರಿ. ಬೆಲೆ ಕಡಿಮೆ ಬರುತ್ತದೆ, ನಿಜ. ಆದರೂ ಬೆಳಗಿದ ಮಾತ್ರಕ್ಕೆ ನಾಣ್ಯ ಬರಿಯ ಬೆಳ್ಳಿಯ ತೂಕವಾಗುವುದಿಲ್ಲ. ಆರನೆಯ ಜಾರ್ಜ್ ದೊರೆಯ 1939ರ ರೂಪಾಯಿ ಎಷ್ಟು ಅಪರೂಪವೆಂದರೆ ಅದರ ನಕಲಿಗಳೇ ಹೆಚ್ಚು ಓಡಾಡುತ್ತವೆ. ಅಸಲಿಯೊಂದು ಸಿಕ್ಕಿದರೆ, ಅದನ್ನು ಯಾರೋ ಬೆಳಗಿದ್ದರೂ, ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಸಾಮಾನ್ಯ ವರ್ಷದ, ಬೆಳಗಿದ ರೂಪಾಯಿಯನ್ನು ಕರಗಿಸಲು ಕೊಡುವ ಬದಲು ಮಕ್ಕಳ ಕೈಗೆ ಕೊಡಿ. ನೂರು ವರ್ಷದ ಹಿಂದಿನ 11.66 ಗ್ರಾಂ ಬೆಳ್ಳಿಯ ಭಾರ ಅಂಗೈಗೆ ತಿಳಿಯಲಿ, ರಾಜನ ಹೆಸರನ್ನು ಅವರೇ ಓದಲಿ. ಅಜ್ಜಿ ಪೂಜೆಗೆಂದು ವರ್ಷವರ್ಷ ಬೆಳಗಿದ ಕಾಸಾದರೆ ಅದು ನಿಮ್ಮ ಮನೆಯ ಚರಿತ್ರೆ. ಅದನ್ನು ಹಾಗೆಯೇ ಇಟ್ಟುಕೊಳ್ಳುವುದೇ ಸರಿ ಎಂದು ನಾನು ನಂಬುತ್ತೇನೆ.

ಇನ್ನು ಇದುವರೆಗೆ ಯಾರೂ ಬೆಳಗದ ನಾಣ್ಯಗಳ ಮಾತು. ತೋಟ ಅಗೆಯುವಾಗ, ಹಳೆಯ ಮನೆ ಕೆಡವುವಾಗ ನಾಣ್ಯ ಸಿಕ್ಕರೆ ಮಣ್ಣು ತೊಳೆಯಲು ಹೋಗಬೇಡಿ. ಮಣ್ಣೂ ಸಾಕ್ಷಿಯೇ. ನಿಧಿ-ನಿಕ್ಷೇಪದ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಿ. ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕರೆ ಅಂಚು ಹಿಡಿದು ಎತ್ತಿ, ನೋಡಿ, ಹಾಗೆಯೇ ಇಡಿ. ಶುಚಿ ಮಾಡುವುದು ಇಂದು ಬೇಡವೆಂದರೆ ನಾಳೆ ಮಾಡಬಹುದು, ನಾಡಿದ್ದೂ ಮಾಡಬಹುದು. ಮಾಡಿದ್ದನ್ನು ಇಲ್ಲವೆನಿಸಲು ಬರ್ಲಿನ್ನಿನಿಂದ ಮೈಸೂರಿನವರೆಗೆ ಯಾವ ಪ್ರಯೋಗಾಲಯದ ಕೈಯಲ್ಲೂ ಆಗುವುದಿಲ್ಲ. ವಿಭೂತಿ ದೇವರ ಮನೆಯಲ್ಲಿರಲಿ, ಹುಣಸೆಹಣ್ಣು ಸಾರಿಗಿರಲಿ, ನಾಣ್ಯವನ್ನು ಅದರ ಪಾಡಿಗೆ ಬಿಡಿ.